ನಿಂತಿದ್ದು ಯಾಕೆ? ಜಿಡಿಬಿಯನ್ನು ಈ ಒಂದು ಪ್ರಶ್ನೆಯಿಂದ ಅಳೆದರೆ

ಡೀಬಗರ್ (ಓಡುವ ಪ್ರೋಗ್ರಾಂ ಅನ್ನು ನಿಲ್ಲಿಸಿ ಒಳಗೆ ಇಣುಕಿ ದೋಷ ಹುಡುಕುವ ಸಾಧನ) ವಿಮರ್ಶೆ ಎಂದರೆ ಸಾಮಾನ್ಯವಾಗಿ ಎಡಿಟರ್ ಜೊತೆಗಿನ ಹೊಂದಾಣಿಕೆ, ವೇರಿಯಬಲ್ ತೋರಿಸುವ ಕಿಟಕಿ, ಬಣ್ಣ, ಶಾರ್ಟ್‌ಕಟ್ ಇವುಗಳ ಮಾತೇ ಹೆಚ್ಚು. ಆದರೆ ಕಿಟಕಿಯಲ್ಲಿ ಏನಾದರೂ ಕಾಣಬೇಕಾದರೆ ಓಡುತ್ತಿದ್ದ ಪ್ರೋಗ್ರಾಂ ಮೊದಲು ನಿಲ್ಲಬೇಕು. ನಿಂತ ಕೂಡಲೇ ಡೀಬಗರ್ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಯಾಕೆ ನಿಂತಿತು? ಬ್ರೇಕ್‌ಪಾಯಿಂಟ್ (‘ಇಲ್ಲಿ ನಿಲ್ಲು’ ಎಂದು ಇಟ್ಟ ಗುರುತು) ತಾಗಿತೋ, ಚೈಲ್ಡ್ ಪ್ರೋಸೆಸ್ (ಇದೇ ಪ್ರೋಸೆಸ್‌ನಿಂದ ಹುಟ್ಟುವ ಮರಿ) ಹುಟ್ಟಿತೋ, ಹೊಸ ಲೈಬ್ರರಿ ಬಂತೋ, ಹೊರಗಿನಿಂದ ಯಾರೋ ಸಿಗ್ನಲ್ (ಪ್ರೋಸೆಸ್‌ಗೆ ಕಳಿಸುವ ಸಂಖ್ಯೆಯುಳ್ಳ ಸೂಚನೆ) ಎಸೆದರೋ? ಲಿನಕ್ಸ್ ಮೇಲೆ ಓಡುವ ಜಿಡಿಬಿ (GDB) ಎಂಬ ಡೀಬಗರನ್ನು ಈ ಒಂದೇ ಅಳತೆಗೋಲಿನಿಂದ ನೋಡೋಣ. ಎಸ್‌ಟ್ರೇಸ್ (strace, ಸಿಸ್ಟಂ ಕಾಲ್‌ಗಳನ್ನು ಬರೆದು ತೋರಿಸುವ ಸಾಧನ), ಎಲ್‌ಎಲ್‌ಡಿಬಿ (LLDB, ಇನ್ನೊಂದು ಡೀಬಗರ್), ಆರ್‌ಆರ್ (rr, ಓಟವನ್ನು ರೆಕಾರ್ಡ್ ಮಾಡಿ ಮತ್ತೆ ಓಡಿಸುವ ಡೀಬಗರ್) ಹೋಲಿಕೆಗೆ ಮಾತ್ರ ಬರುತ್ತವೆ.

ಮೊದಲು ಡೀಬಗರ್‌ನ ಕೈಗೆ ಸಿಗುವ ಕಚ್ಚಾ ಸಾಮಗ್ರಿ ಏನೆಂದು ತಿಳಿದಿರಬೇಕು. ಇಲ್ಲದಿದ್ದರೆ ಅದರ ಕೈಚಳಕ ಎಷ್ಟೆಂದು ಗೊತ್ತಾಗದು. ಪಿಟ್ರೇಸ್ (ptrace, ಬೇರೆ ಪ್ರೋಸೆಸ್ ಅನ್ನು ಹಿಡಿದು ನಿಯಂತ್ರಿಸುವ ಕರ್ನಲ್ ಸೌಲಭ್ಯ) ಮೂಲಕ ಹಿಡಿದ ಪ್ರೋಸೆಸ್ ನಿಂತಾಗ ವೇಟ್‌ಪಿಐಡಿ (waitpid, ಅದಕ್ಕಾಗಿ ಕಾಯುವ ಕರೆ) ಒಂದು ಪೂರ್ಣಾಂಕ ಕೊಡುತ್ತದೆ, ಅಷ್ಟೇ. ಅದನ್ನು ಎಂಟೆಂಟು ಬಿಟ್‌ಗಳಾಗಿ ಕೆಳಗಿನಿಂದ ಒಡೆದು ಓದಬೇಕು. ಕೆಳಗಿನ ತುಂಡು 127 ಇದ್ದರೆ ‘ನಿಂತಿದೆ, ಸತ್ತಿಲ್ಲ’ ಎಂದರ್ಥ. ನಡುವಿನ ತುಂಡು ಸಿಗ್ನಲ್ ಸಂಖ್ಯೆ. ಮೇಲಿನ ತುಂಡು ಪಿಟ್ರೇಸ್ ಈವೆಂಟ್ ಸಂಖ್ಯೆ: 1 ಫೋರ್ಕ್ (ಪ್ರೋಸೆಸ್‌ನ ನಕಲು ಹುಟ್ಟಿದ್ದು), 2 ವಿಫೋರ್ಕ್ (ಮೆಮೊರಿ ನಕಲಾಗದೆ ಹುಟ್ಟಿದ್ದು), 3 ಕ್ಲೋನ್ (ಹೊಸ ಥ್ರೆಡ್), 4 ಎಕ್ಸೆಕ್ (ಪ್ರೋಸೆಸ್ ಒಳಗೆ ಬೇರೆ ಪ್ರೋಗ್ರಾಂ ಬಂದದ್ದು), 5 ವಿಫೋರ್ಕ್ ಮುಗಿದದ್ದು, 6 ಎಕ್ಸಿಟ್, 7 ಸೆಕ್‌ಕಾಂಪ್ (ಸಿಸ್ಟಂ ಕಾಲ್ ಸೋಸುವ ಕರ್ನಲ್ ಜರಡಿ). ಹೀಗಾಗಿ 127, 11, 0 ಬಂದರೆ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ); 127, 5, 3 ಬಂದರೆ ಹೊಸ ಥ್ರೆಡ್; 127, 5, 4 ಬಂದರೆ ಎಕ್ಸೆಕ್ ಆಗಿದೆ. ಇವುಗಳಲ್ಲಿ ಗೊಂದಲವಿಲ್ಲ.

ತಲೆನೋವು 127, 5, 0 ಬಂದಾಗ. ಸಿಗ್ನಲ್ 5 ಎಂದರೆ ಸಿಗ್‌ಟ್ರ್ಯಾಪ್, ಈವೆಂಟ್ ಏನೂ ಇಲ್ಲ. ಇದು ಡೀಬಗರ್ ತಾನೇ ನೆಟ್ಟ ಬ್ರೇಕ್‌ಪಾಯಿಂಟ್ ಇರಬಹುದು, ಸಿಂಗಲ್ ಸ್ಟೆಪ್ (ಒಂದೇ ಇನ್‌ಸ್ಟ್ರಕ್ಷನ್ ಓಡಿಸಿ ನಿಲ್ಲಿಸುವುದು) ಮುಗಿದದ್ದಿರಬಹುದು, ಹಾರ್ಡ್‌ವೇರ್ ವಾಚ್‌ಪಾಯಿಂಟ್ (ಮೆಮೊರಿಯ ಒಂದು ಜಾಗ ಬದಲಾದಾಗ ನಿಲ್ಲಿಸುವ ಕಾವಲು) ಇರಬಹುದು, ಪ್ರೋಗ್ರಾಂ ಬರೆದವರೇ ಕೋಡ್‌ನಲ್ಲಿ ಇಟ್ಟ ಟ್ರ್ಯಾಪ್ ಇನ್‌ಸ್ಟ್ರಕ್ಷನ್ ಇರಬಹುದು, ಯಾರೋ ಕಿಲ್ ಕಮಾಂಡ್‌ನಿಂದ ಕಳಿಸಿದ ಸಿಗ್ನಲ್ ಇರಬಹುದು. ಎಕ್ಸೆಕ್ ಈವೆಂಟ್ ಆಯ್ಕೆಯನ್ನು ಹಾಕದೇ ಇದ್ದರೆ ಎಕ್ಸೆಕ್ ಕೂಡ ಇದೇ ವೇಷದಲ್ಲಿ ಬರುತ್ತದೆ. ಆರು ಕಾರಣಕ್ಕೆ ಒಂದೇ ಮುಖ. ಕೈಯಾರೆ ಬರೆದ ಪುಟ್ಟ ಟ್ರೇಸರ್‌ಗಳು (ಪಿಟ್ರೇಸ್‌ನಿಂದ ಬೇರೆ ಪ್ರೋಸೆಸ್ ಹಿಡಿಯುವ ಪ್ರೋಗ್ರಾಂಗಳು) ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ.

ಜಿಡಿಬಿ ಇಲ್ಲಿ ಚೆನ್ನಾಗಿ ಪಳಗಿದೆ. ಅದು ಸಿಗ್‌ಇನ್ಫೊ (siginfo, ಸಿಗ್ನಲ್ ಬಗ್ಗೆ ಕರ್ನಲ್ ಇಟ್ಟ ವಿವರ) ತರಿಸಿಕೊಂಡು ಒಳಗಿನ ಎಸ್‌ಐ-ಕೋಡ್ (si_code, ಸಿಗ್ನಲ್ ಬಂದ ಕಾರಣದ ಸಂಖ್ಯೆ) ನೋಡುತ್ತದೆ. ಎಕ್ಸ್86 ಮೇಲೆ ಬ್ರೇಕ್‌ಪಾಯಿಂಟ್ ಆದರೆ 128, ಸಿಂಗಲ್ ಸ್ಟೆಪ್ ಆದರೆ 2, ಹಾರ್ಡ್‌ವೇರ್ ಆದರೆ 4, ಕಿಲ್‌ನಿಂದ ಬಂದಿದ್ದರೆ 0, ಪ್ರೋಗ್ರಾಂ ತನಗೆ ತಾನೇ ಸಿಗ್ನಲ್ ಕಳಿಸುವ ರೈಸ್ ಕರೆದಿದ್ದರೆ -6. ಇದರಲ್ಲೂ ಒಂದು ತಮಾಷೆ ಇದೆ. ಕೋಡ್ 1ರ ಹೆಸರೇ ‘ಟ್ರ್ಯಾಪ್ ಬ್ರೇಕ್‌ಪಾಯಿಂಟ್’, ಆದರೆ ಎಕ್ಸ್86 ಲಿನಕ್ಸ್‌ನಲ್ಲಿ ಅದು ಬರುವುದು ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ) ಒಂದನ್ನು ಸ್ಟೆಪ್ ಮಾಡಿ ದಾಟಿದಾಗ. ನಿಜವಾದ ಬ್ರೇಕ್‌ಪಾಯಿಂಟ್‌ಗೆ ‘ಕರ್ನಲ್ ಕಳಿಸಿದ್ದು’ ಎಂಬ ಅರ್ಥದ 128. ಹೆಸರು ನೋಡಿ ಕೋಡ್ ಬರೆದವರಿಗೆ ಇದು ಕೈಕೊಡುತ್ತದೆ. ಜಿಡಿಬಿಯ ಒಳಗೆ ಪ್ರೊಸೆಸರ್‌ಗೊಂದರಂತೆ ಇದರ ಪಟ್ಟಿಯೇ ಇದೆ.

ಸಿಗ್‌ಇನ್ಫೊ ನೋಡದೆ ಬರೀ ಪಿಸಿ (ಪ್ರೋಗ್ರಾಂ ಕೌಂಟರ್, ಓಡುವ ಇನ್‌ಸ್ಟ್ರಕ್ಷನ್‌ನ ವಿಳಾಸ ಇಡುವ ರಿಜಿಸ್ಟರ್) ನೋಡಿ ಊಹಿಸಿದರೆ ಎಡವಟ್ಟು ಹೇಗೆ ಆಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಎಕ್ಸ್86ನಲ್ಲಿ ಬ್ರೇಕ್‌ಪಾಯಿಂಟ್ ಎಂದರೆ ಇನ್‌ಸ್ಟ್ರಕ್ಷನ್‌ನ ಮೊದಲ ಬೈಟ್ ಎತ್ತಿಟ್ಟು ಆ ಜಾಗಕ್ಕೆ 204 ಎಂಬ ಬೈಟ್ ಬರೆಯುವುದು, ಹೆಕ್ಸ್‌ನಲ್ಲಿ ಹೇಳುವುದಾದರೆ ಸಿಸಿ. ಅದು ಓಡಿದ ಮೇಲೆ ಪಿಸಿ ಒಂದು ಬೈಟ್ ಮುಂದೆ ಹೋಗಿರುತ್ತದೆ. ಹಾಗಾಗಿ ಡೀಬಗರ್ ಪಿಸಿಯಿಂದ 1 ಕಳೆದು, ಅಲ್ಲಿ ತನ್ನ ಬ್ರೇಕ್‌ಪಾಯಿಂಟ್ ಇದೆಯೇ ಎಂದು ನೋಡುತ್ತದೆ. ಈಗ ವಿಳಾಸ 1000ರಲ್ಲಿ ಒಂದೇ ಬೈಟ್‌ನ ಪುಶ್ (ಸ್ಟ್ಯಾಕ್ ಮೇಲೆ ಬೆಲೆ ಇಡುವ ಇನ್‌ಸ್ಟ್ರಕ್ಷನ್) ಇದೆ, ಅಲ್ಲಿ ಬ್ರೇಕ್‌ಪಾಯಿಂಟ್ ಇದೆ ಎಂದುಕೊಳ್ಳಿ. ಬೇರೆ ಕಡೆಯಿಂದ ಜಂಪ್ ಆಗಿ ಸಿಂಗಲ್ ಸ್ಟೆಪ್ 1001ಕ್ಕೆ ಬಂದು ನಿಂತರೆ, ಪಿಸಿ ಮಾತ್ರ ನೋಡುವ ಡೀಬಗರ್ ‘ಬ್ರೇಕ್‌ಪಾಯಿಂಟ್ ತಾಗಿತು’ ಎಂದು ಪಿಸಿಯನ್ನು 1000ಕ್ಕೆ ಹಿಂದೆ ಸರಿಸುತ್ತದೆ. ಓಡಬಾರದಿದ್ದ ಪುಶ್ ಓಡುತ್ತದೆ, ಸ್ಟ್ಯಾಕ್ 8 ಬೈಟ್ ಸರಿದು ಕೂರುತ್ತದೆ, ಮತ್ತೆಲ್ಲೋ ರಿಟರ್ನ್ ಆಗುವಾಗ ಪ್ರೋಗ್ರಾಂ ಬಿದ್ದುಹೋಗುತ್ತದೆ. ದೋಷ ಪ್ರೋಗ್ರಾಂನದೇ ಎಂದು ಹುಡುಕುತ್ತಾ ಕೂತರೆ ದಿನವಿಡೀ ಹೋಗುತ್ತದೆ. ಎಸ್‌ಐ-ಕೋಡ್ 2 ಎಂದು ನೋಡಿದ್ದರೆ ಗೊಂದಲವೇ ಇಲ್ಲ.

ಆರ್ಮ್64ನಲ್ಲಿ ಈ ಕಳೆಯುವ ಲೆಕ್ಕವಿಲ್ಲ. ಟ್ರ್ಯಾಪ್ ಇನ್‌ಸ್ಟ್ರಕ್ಷನ್ 4 ಬೈಟ್, ಪಿಸಿ ಅದರ ಮೇಲೇ ನಿಂತಿರುತ್ತದೆ. ಅನುಕೂಲವೇ, ಆದರೆ ಕೋಡ್‌ನಲ್ಲೇ ಇರುವ ಟ್ರ್ಯಾಪ್ ಆದಾಗ ಡೀಬಗರ್ 4 ಬೈಟ್ ದಾಟಿಸದಿದ್ದರೆ ಕಂಟಿನ್ಯೂ ಕೊಟ್ಟಷ್ಟೂ ಸಲ ಅಲ್ಲೇ ಮತ್ತೆ ಮತ್ತೆ ನಿಲ್ಲುತ್ತದೆ. ಹಾಗೆ ಸಿಕ್ಕಿಬಿದ್ದರೆ ಪಿಸಿ ರಿಜಿಸ್ಟರ್‌ಗೆ 4 ಕೂಡಿಸಿ ಮುಂದುವರಿಯಿರಿ.

ಇಷ್ಟೆಲ್ಲ ಒಳಗೆ ಗೊತ್ತಿದ್ದರೂ ಜಿಡಿಬಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ನಮ್ಮ ಮೊದಲ ದೂರು. ಕೋಡ್‌ನಲ್ಲಿದ್ದ ಟ್ರ್ಯಾಪ್‌ಗೂ ಹೊರಗಿನಿಂದ ಬಂದ ಸಿಗ್‌ಟ್ರ್ಯಾಪ್‌ಗೂ ಅದು ತೋರಿಸುವುದು ‘ಪ್ರೋಗ್ರಾಂಗೆ ಸಿಗ್‌ಟ್ರ್ಯಾಪ್ ಸಿಗ್ನಲ್ ಬಂತು’ ಎಂಬ ಒಂದೇ ಸಾಲು. ವ್ಯತ್ಯಾಸ ಬೇಕಿದ್ದರೆ $_ಸಿಗ್‌ಇನ್ಫೊ ಎಂಬುದನ್ನು ಪ್ರಿಂಟ್ ಮಾಡಿ ನೀವೇ ಓದಿಕೊಳ್ಳಬೇಕು. ಎಸ್‌ಐ-ಕೋಡ್ 0 ಇದ್ದರೆ ಅದರೊಳಗಿನ ಕಿಲ್ ಭಾಗದಲ್ಲಿ ಕಳಿಸಿದವರ ಪಿಐಡಿಯೂ (ಪ್ರೋಸೆಸ್‌ನ ಸಂಖ್ಯೆ) ಸಿಗುತ್ತದೆ. ಇನ್ನೊಂದು ವಿಷಯ: ಸಿಗ್‌ಟ್ರ್ಯಾಪ್ ಅನ್ನು ಜಿಡಿಬಿ ಪ್ರೋಗ್ರಾಂಗೆ ದಾಟಿಸುವುದಿಲ್ಲ, ಡಿಫಾಲ್ಟ್ ಹಾಗಿದೆ. ಸಿಗ್‌ಟ್ರ್ಯಾಪ್‌ಗೆ ಸ್ವಂತ ಹ್ಯಾಂಡ್ಲರ್ ಇಟ್ಟುಕೊಂಡ ಪ್ರೋಗ್ರಾಂ ಡೀಬಗರ್ ಇಲ್ಲದಾಗ ಒಂದು ದಾರಿ, ಇದ್ದಾಗ ಇನ್ನೊಂದು ದಾರಿ ಹಿಡಿಯುವುದು ಇದರಿಂದಲೇ. ‘ಹ್ಯಾಂಡಲ್ ಸಿಗ್‌ಟ್ರ್ಯಾಪ್ ಪಾಸ್’ ಕೊಟ್ಟರೆ ದಾಟುತ್ತದೆ. ಜಿಡಿಬಿ ತಾನೂ ಇದೇ ಸಿಗ್ನಲ್ ಬಳಸುವುದರಿಂದ ‘ಖಚಿತವೇ?’ ಎಂದು ಮೊದಲು ಕೇಳುತ್ತದೆ.

ಈಗ ಫೋರ್ಕ್. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಜಿಡಿಬಿ ಪೇರೆಂಟ್ (ಫೋರ್ಕ್ ಕರೆದ ಮೂಲ ಪ್ರೋಸೆಸ್) ಜೊತೆ ಉಳಿದು ಚೈಲ್ಡ್ ಅನ್ನು ಬಿಟ್ಟುಬಿಡುತ್ತದೆ. ‘ಫೋರ್ಕ್ ಆದ ಮೇಲೆ ಚೈಲ್ಡ್‌ನಿಂದ ಬೇರ್ಪಡುತ್ತಿದ್ದೇನೆ’ ಎಂಬ ಒಂದು ಸಾಲು ಮಾತ್ರ ಕಾಣುತ್ತದೆ. ಆ ಒಂದು ಸಾಲಿನ ಹಿಂದೆ ಆಗುವ ಕೆಲಸ ಮಾತ್ರ ಸಣ್ಣದಲ್ಲ. ಫೋರ್ಕ್ ಮೆಮೊರಿಯನ್ನು ಇದ್ದಂತೆಯೇ ನಕಲು ಮಾಡುತ್ತದೆ, ಅಂದರೆ ಜಿಡಿಬಿ ನೆಟ್ಟಿದ್ದ 204 ಬೈಟ್‌ಗಳೂ ಚೈಲ್ಡ್‌ಗೆ ಹೋಗುತ್ತವೆ. ಚೈಲ್ಡ್ ಅನ್ನು ಹಾಗೇ ಬಿಟ್ಟರೆ ಅಂಥ ಮೊದಲ ಬೈಟ್ ತಾಗಿದ ತಕ್ಷಣ ಸಾಯುತ್ತದೆ, ಹಿಡಿಯಲು ಡೀಬಗರ್ ಇಲ್ಲವಲ್ಲ. ಆದ್ದರಿಂದ ಫೋರ್ಕ್ ಈವೆಂಟ್ ಬಂದಾಗ ಜಿಡಿಬಿ ಗೆಟ್‌ಈವೆಂಟ್‌ಮೆಸೇಜ್ (ಈವೆಂಟ್‌ನ ವಿವರ ಕೊಡುವ ಪಿಟ್ರೇಸ್ ಕರೆ) ಕೇಳಿ ಹೊಸ ಪಿಐಡಿ ತಿಳಿದು, ಚೈಲ್ಡ್‌ನ ಮೆಮೊರಿಯಲ್ಲಿ ಪ್ರತಿ ಬ್ರೇಕ್‌ಪಾಯಿಂಟ್ ಕಿತ್ತು, ಆಮೇಲೆ ಬಿಡುತ್ತದೆ. ಫೋರ್ಕ್ ಈವೆಂಟ್ ಕೇಳದ ಅರೆಬರೆ ಟ್ರೇಸರ್ ಬಳಸುತ್ತಿದ್ದೀರೋ ಎಂದು ಕಂಡುಹಿಡಿಯುವುದು ಸುಲಭ: ಚೈಲ್ಡ್‌ಗಳು ಶೆಲ್‌ನಲ್ಲಿ (ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂ) 133 ಎಂಬ ಸ್ಟೇಟಸ್ ಕೊಟ್ಟು ಸಾಯುತ್ತವೆ. 128ಕ್ಕೆ ಸಿಗ್ನಲ್ ಸಂಖ್ಯೆ 5 ಕೂಡಿಸಿದರೆ 133.

ವಿಫೋರ್ಕ್ ಇನ್ನೂ ಜಿಗುಟು. ಅಲ್ಲಿ ನಕಲು ಇಲ್ಲ, ಇಬ್ಬರೂ ಒಂದೇ ಮೆಮೊರಿ. ಚೈಲ್ಡ್‌ಗೋಸ್ಕರ ಕಿತ್ತರೆ ಪೇರೆಂಟ್‌ನದೂ ಹೋಯಿತು. ಚೈಲ್ಡ್ ಎಕ್ಸೆಕ್ ಮಾಡುವವರೆಗೂ ಅಥವಾ ಮುಗಿಯುವವರೆಗೂ, ಅಂದರೆ ಈವೆಂಟ್ 5 ಬರುವವರೆಗೂ, ಕಾದು ಮತ್ತೆ ನೆಡಬೇಕು. ಜಿಡಿಬಿ ಕಾಯುತ್ತದೆ. ಪೇರೆಂಟ್‌ನಲ್ಲಿ ಬೇರೆ ಥ್ರೆಡ್‌ಗಳು ಇದ್ದರೆ ವಿಫೋರ್ಕ್ ಕರೆದ ಥ್ರೆಡ್ ಮಾತ್ರ ಕಾಯುತ್ತದೆ, ಉಳಿದವು ಓಡಬಲ್ಲವು. ಆ ಅವಧಿಯಲ್ಲಿ ಅವುಗಳಿಗೆ ಬ್ರೇಕ್‌ಪಾಯಿಂಟ್ ತಪ್ಪಿಹೋಗದಂತೆ ಡೀಬಗರ್ ಅವನ್ನೂ ತಡೆಹಿಡಿಯಬೇಕಾಗುತ್ತದೆ.

ಇಬ್ಬರನ್ನೂ ಹಿಡಿದಿಡಬೇಕೆಂದರೆ ‘ಸೆಟ್ ಡಿಟ್ಯಾಚ್-ಆನ್-ಫೋರ್ಕ್ ಆಫ್’. ಇದನ್ನು ಮಾತ್ರ ಕೊಟ್ಟು ಕಂಟಿನ್ಯೂ ಮಾಡಿದರೆ ಒಂದು ಪ್ರೋಸೆಸ್ ಓಡುತ್ತದೆ, ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಪೇರೆಂಟ್ ಚೈಲ್ಡ್‌ಗೆ ಕಾಯುತ್ತಿದ್ದರೆ ಹ್ಯಾಂಗ್ ಆದಂತೆ ಕಾಣುತ್ತದೆ. ‘ಸೆಟ್ ಶೆಡ್ಯೂಲ್-ಮಲ್ಟಿಪಲ್ ಆನ್’ ಕೂಡ ಕೊಡಿ. ಚೈಲ್ಡ್ ಕಡೆಗೇ ಗಮನವಿದ್ದರೆ ‘ಸೆಟ್ ಫಾಲೋ-ಫೋರ್ಕ್-ಮೋಡ್ ಚೈಲ್ಡ್’. ಫೋರ್ಕ್ ಆದ ಕ್ಷಣದಲ್ಲೇ ನಿಲ್ಲಬೇಕಿದ್ದರೆ ‘ಕ್ಯಾಚ್ ಫೋರ್ಕ್’. ಬೇರೆ ಪ್ರೋಗ್ರಾಂ ಓಡಿಸುವ ‘ಸಿಸ್ಟಂ’ ಅಥವಾ ‘ಪೋಸಿಕ್ಸ್-ಸ್ಪಾನ್’ ಫಂಕ್ಷನ್ ಕರೆಯುವ ಪ್ರೋಗ್ರಾಂ ಆದರೆ ‘ಕ್ಯಾಚ್ ವಿಫೋರ್ಕ್’ ಕೂಡ ಹಾಕಿ ನೋಡಿ.

ಶುರುವಿನಲ್ಲೇ ಆಗುವ ಒಂದು ತೊಡಕು ಬಹಳ ಮಂದಿಗೆ ಗೊತ್ತಿಲ್ಲ. ‘ರನ್’ ಎಂದಾಗ ಜಿಡಿಬಿ ನಿಮ್ಮ ಪ್ರೋಗ್ರಾಂ ಅನ್ನು ನೇರವಾಗಿ ಓಡಿಸುವುದಿಲ್ಲ. ಮೊದಲು ಶೆಲ್ ಎಕ್ಸೆಕ್ ಆಗುತ್ತದೆ, ಆ ಶೆಲ್ ನಿಮ್ಮ ಪ್ರೋಗ್ರಾಂ ಅನ್ನು ಎಕ್ಸೆಕ್ ಮಾಡುತ್ತದೆ. ಆರ್ಗ್ಯುಮೆಂಟ್‌ನಲ್ಲಿ ನಕ್ಷತ್ರ ಚಿಹ್ನೆ, ರೀಡೈರೆಕ್ಷನ್ ಎಲ್ಲ ಕೆಲಸ ಮಾಡುವುದು ಇದರಿಂದ. ಎರಡು ಎಕ್ಸೆಕ್, ಎರಡು ಟ್ರ್ಯಾಪ್. ಜಿಡಿಬಿ ಅವನ್ನು ಎಣಿಸುತ್ತದೆ, ಎರಡನೆಯದು ಬಂದ ಮೇಲೆ ‘ಈಗ ನಿಜವಾದ ಪ್ರೋಗ್ರಾಂ ಬಂತು’ ಎಂದು ಬ್ರೇಕ್‌ಪಾಯಿಂಟ್ ನೆಡುತ್ತದೆ. ಶೆಲ್‌ನ ಆರಂಭದ ಫೈಲ್‌ನಲ್ಲಿ ಇನ್ನೊಂದು ಶೆಲ್‌ಗೆ ಎಕ್ಸೆಕ್ ಮಾಡುವ ಸಾಲು ಇದ್ದರೆ ಎಣಿಕೆ ಕೆಡುತ್ತದೆ: ಬ್ರೇಕ್‌ಪಾಯಿಂಟ್ ತಪ್ಪು ಪ್ರೋಗ್ರಾಂಗೆ ಬೀಳುತ್ತದೆ, ‘ಮೆಮೊರಿ ಓದಲಾಗದು’ ಎಂಬ ದೂರು ಬರುತ್ತದೆ, ಇಲ್ಲವೇ ‘ಶುರುವಾಗುವಾಗಲೇ ಪ್ರೋಗ್ರಾಂ ಮುಗಿಯಿತು’ ಎನ್ನುತ್ತದೆ. ‘ಸೆಟ್ ಸ್ಟಾರ್ಟಪ್-ವಿತ್-ಶೆಲ್ ಆಫ್’ ಕೊಟ್ಟರೆ ಶೆಲ್‌ನ ಗೋಜೇ ಇಲ್ಲ. ಈವೆಂಟ್‌ಗಳನ್ನು ಇಷ್ಟು ಜಾಣ್ಮೆಯಿಂದ ಗುರುತಿಸುವ ಡೀಬಗರ್ ಇಲ್ಲಿ ಮಾತ್ರ ಬೆರಳೆಣಿಕೆಗೆ ಇಳಿದಿರುವುದು ಸ್ವಲ್ಪ ವಿಚಿತ್ರ.

ಥ್ರೆಡ್‌ಗಳ ವಿಷಯಕ್ಕೆ ಬಂದರೆ ಜಿಡಿಬಿಗೆ ಹೆಚ್ಚು ಅಂಕ. ಕ್ಲೋನ್ ಈವೆಂಟ್ ಪೇರೆಂಟ್ ಥ್ರೆಡ್‌ನಿಂದ ಬರುತ್ತದೆ, ಹೊಸ ಥ್ರೆಡ್‌ನ ಮೊದಲ ನಿಲುಗಡೆ ಬೇರೆಯೇ ಬರುತ್ತದೆ, ಯಾವುದು ಮೊದಲು ಎಂಬ ಖಾತರಿ ಇಲ್ಲ. ಹೊಸದು ಮೊದಲು ಬಂದರೆ ಡೀಬಗರ್‌ಗೆ ಪರಿಚಯವೇ ಇಲ್ಲದ ಟಿಐಡಿ (ಥ್ರೆಡ್‌ನ ಸಂಖ್ಯೆ) ನಿಂತಂತೆ ಕಾಣುತ್ತದೆ. ಜಿಡಿಬಿ ಅದನ್ನು ಎಸೆಯದೆ ಪಟ್ಟಿಯಲ್ಲಿ ಬರೆದಿಟ್ಟು, ಕ್ಲೋನ್ ಈವೆಂಟ್ ಬಂದಾಗ ಜೋಡಿಸುತ್ತದೆ. ಎರಡು ಮೂರು ಥ್ರೆಡ್ ಒಂದೇ ಕ್ಷಣದಲ್ಲಿ ಬ್ರೇಕ್‌ಪಾಯಿಂಟ್ ತಾಗಿದರೆ ಒಂದನ್ನು ಯಾದೃಚ್ಛಿಕವಾಗಿ ಆರಿಸಿ ತೋರಿಸುತ್ತದೆ, ಉಳಿದವನ್ನು ಬಾಕಿ ಇಡುತ್ತದೆ. ಯಾದೃಚ್ಛಿಕ ಯಾಕೆಂದರೆ ಯಾವಾಗಲೂ ಪಟ್ಟಿಯ ಮೊದಲನೆಯದನ್ನೇ ಆರಿಸಿದರೆ ಕೊನೆಯ ಥ್ರೆಡ್‌ಗೆ ಸರದಿಯೇ ಬರದು. ಬಾಕಿ ಇದ್ದಾಗ ನೀವು ಆ ಬ್ರೇಕ್‌ಪಾಯಿಂಟ್ ಅಳಿಸಿದರೆ ಬಾಕಿ ಈವೆಂಟನ್ನೂ ಕೈಬಿಡುತ್ತದೆ. ಕಂಟಿನ್ಯೂ ಕೊಟ್ಟ ಕೂಡಲೇ ಒಂದು ಸಾಲೂ ಮುಂದೆ ಹೋಗದೆ ಬೇರೆ ಥ್ರೆಡ್‌ನಲ್ಲಿ ನಿಂತಿತೆಂದರೆ ಅದು ದೋಷವಲ್ಲ, ಬಾಕಿ ಇದ್ದದ್ದು ಈಗ ಹೊರಬಂತು ಅಷ್ಟೇ.

ಬಹು ಥ್ರೆಡ್ ಪ್ರೋಸೆಸ್‌ನಲ್ಲಿ ಮುಖ್ಯವಲ್ಲದ ಥ್ರೆಡ್ ಎಕ್ಸೆಕ್ ಮಾಡಿದರೆ ಉಳಿದೆಲ್ಲ ಥ್ರೆಡ್ ಮಾಯವಾಗಿ, ಎಕ್ಸೆಕ್ ಮಾಡಿದ್ದು ಮುಖ್ಯ ಥ್ರೆಡ್‌ನ ಸಂಖ್ಯೆ ಹೊತ್ತು ನಿಲ್ಲುತ್ತದೆ. ಹಳೆಯ ಟಿಐಡಿ ಯಾವುದೆಂದು ಈವೆಂಟ್ ಸಂದೇಶ ಹೇಳುತ್ತದೆ, ಲಿನಕ್ಸ್ 3.0 ರಿಂದ. ಇದನ್ನು ಕಣ್ಣಾರೆ ನೋಡಲು ಜಿಡಿಬಿಗಿಂತ ಎಸ್‌ಟ್ರೇಸ್ ವಾಸಿ: ‘ಸೂಪರ್‌ಸೀಡೆಡ್ ಬೈ ಎಕ್ಸೆಕ್‌ವಿಇ’ (ಎಕ್ಸೆಕ್‌ನಿಂದ ಜಾಗ ಕಳೆದುಕೊಂಡಿತು) ಎಂದು ಸ್ಪಷ್ಟವಾಗಿ ಬರೆಯುತ್ತದೆ.

ಸಿಸ್ಟಂ ಕಾಲ್ ಹಿಡಿಯುವುದರಲ್ಲಿ ಜಿಡಿಬಿ ಸಾಧಾರಣ. ‘ಕ್ಯಾಚ್ ಸಿಸ್ಕಾಲ್ ಓಪನ್‌ಎಟ್’ (ಓಪನ್‌ಎಟ್ ಎಂದರೆ ಫೈಲ್ ತೆರೆಯುವ ಸಿಸ್ಟಂ ಕಾಲ್) ಎಂದರೆ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ನಿಲ್ಲುತ್ತದೆ. ‘ಗ್ರೂಪ್:ನೆಟ್‌ವರ್ಕ್’ ಎಂದು ಗುಂಪಾಗಿಯೂ ಹಿಡಿಯಬಹುದು. ಆದರೆ ನೀವು ಕೇಳಿದ್ದು ಒಂದೇ ಕಾಲ್ ಆದರೂ ಕರ್ನಲ್ ಪ್ರತಿಯೊಂದು ಸಿಸ್ಟಂ ಕಾಲ್‌ಗೂ ಎರಡೆರಡು ಸಲ ನಿಲ್ಲಿಸುತ್ತದೆ. ಬೇಡದವನ್ನು ಜಿಡಿಬಿ ಸದ್ದಿಲ್ಲದೆ ದಾಟಿಸುತ್ತದೆ. ಸಿಸ್ಟಂ ಕಾಲ್ ಜಾಸ್ತಿ ಮಾಡುವ ಪ್ರೋಗ್ರಾಂ ತೆವಳತೊಡಗುತ್ತದೆ. ಎಸ್‌ಟ್ರೇಸ್‌ನಲ್ಲಿ 5.3 ಆವೃತ್ತಿಯಿಂದ ‘--ಸೆಕ್‌ಕಾಂಪ್-ಬಿಪಿಎಫ್’ ಆಯ್ಕೆ ಇದೆ: ಸೋಸುವ ಕೆಲಸ ಕರ್ನಲ್ ಒಳಗೇ ಆಗಿ, ಬೇಕಾದ ಕಾಲ್‌ಗೆ ಮಾತ್ರ ಈವೆಂಟ್ 7 ಬರುತ್ತದೆ. ‘-ಎಫ್’ ಜೊತೆಗೇ ಕೊಡಬೇಕು.

ಒಳಗೆ ಹೋಗುವ ನಿಲುಗಡೆಯೋ ಹೊರಗೆ ಬರುವ ನಿಲುಗಡೆಯೋ ಎಂಬುದನ್ನು ವೇಟ್‌ಪಿಐಡಿ ಸಂಖ್ಯೆ ಹೇಳುವುದಿಲ್ಲ. ಪಿಟ್ರೇಸ್‌ನ ಸಿಸ್‌ಗುಡ್ ಆಯ್ಕೆ ಹಾಕಿದ್ದರೆ ಸಿಗ್ನಲ್ ತುಂಡು 5ರ ಬದಲು 133 ಆಗಿ ‘ಇದು ಸಿಸ್ಟಂ ಕಾಲ್’ ಎಂದು ಮಾತ್ರ ತಿಳಿಯುತ್ತದೆ. ಶೆಲ್‌ನ 133ಕ್ಕೂ ಇದಕ್ಕೂ ಸಂಬಂಧವಿಲ್ಲ, ಎರಡೂ ಕಡೆ 128 ಕೂಡಿದೆ ಅಷ್ಟೇ. ಒಳಗೆ-ಹೊರಗೆ ಲೆಕ್ಕವನ್ನು ಟ್ರೇಸರ್ ತಾನೇ ಇಟ್ಟುಕೊಳ್ಳಬೇಕಿತ್ತು. ಒಂದು ನಿಲುಗಡೆ ತಪ್ಪಿದರೆ ಅಲ್ಲಿಂದಾಚೆಗೆ ಎಲ್ಲವೂ ತಲೆಕೆಳಗು. ಲಿನಕ್ಸ್ 5.3ರಲ್ಲಿ ಬಂದ ಗೆಟ್-ಸಿಸ್ಕಾಲ್-ಇನ್ಫೊ ಎಂಬ ಪಿಟ್ರೇಸ್ ಕರೆ ಆ ಕಷ್ಟ ತಪ್ಪಿಸಿತು. ಸ್ವಂತ ಟ್ರೇಸರ್ ಬರೆಯುವವರು ಈಗ ಅದನ್ನೇ ಬಳಸಿ.

ವಾಚ್‌ಪಾಯಿಂಟ್ ಬಗ್ಗೆ ಎರಡೇ ಮಾತು. ಎಕ್ಸ್86ನಲ್ಲಿ ಡೀಬಗ್ ವಿಳಾಸದ ರಿಜಿಸ್ಟರ್ 4, ಒಂದೊಂದೂ ಹೆಚ್ಚೆಂದರೆ 8 ಬೈಟ್ ಕಾಯುತ್ತದೆ, ಅದೂ ಥ್ರೆಡ್‌ಗೊಂದು ಸೆಟ್. ವಾಚ್ ಕೊಟ್ಟಾಗ ಜಿಡಿಬಿ ‘ಹಾರ್ಡ್‌ವೇರ್ ವಾಚ್‌ಪಾಯಿಂಟ್’ ಎಂದು ಹೇಳಿತೋ ಬರೀ ‘ವಾಚ್‌ಪಾಯಿಂಟ್’ ಎಂದಿತೋ ಗಮನಿಸಿ. ಎರಡನೆಯದಾದರೆ ಅದು ಒಂದೊಂದೇ ಇನ್‌ಸ್ಟ್ರಕ್ಷನ್ ಸ್ಟೆಪ್ ಮಾಡುತ್ತಾ ಬೆಲೆ ಹೋಲಿಸುತ್ತಿದೆ, ನೂರಾರು ಪಟ್ಟು ನಿಧಾನ. ಇನ್ನು, ಬರೆದ ಇನ್‌ಸ್ಟ್ರಕ್ಷನ್ ಮುಗಿದ ಮೇಲೆ ಟ್ರ್ಯಾಪ್ ಬರುವುದರಿಂದ ತೋರಿಸುವ ಸಾಲು ಕೆಲವೊಮ್ಮೆ ತಪ್ಪಿತಸ್ಥ ಸಾಲಿನ ಮುಂದಿನದಾಗಿರುತ್ತದೆ.

ಲೈಬ್ರರಿ ಲೋಡ್ ಆದದ್ದನ್ನು ಕರ್ನಲ್ ಹೇಳುವುದೇ ಇಲ್ಲ, ಅದಕ್ಕೆ ಅಂಥದ್ದೊಂದು ಈವೆಂಟ್ ಗೊತ್ತಿಲ್ಲ. ಡೈನಮಿಕ್ ಲಿಂಕರ್ (ಓಡುವಾಗ ಲೈಬ್ರರಿಗಳನ್ನು ತಂದು ಜೋಡಿಸುವ ಭಾಗ) ಒಳಗೆ ಜಿಡಿಬಿ ಗುಟ್ಟಾಗಿ ಬ್ರೇಕ್‌ಪಾಯಿಂಟ್ ನೆಟ್ಟು ತಿಳಿಯುತ್ತದೆ. ‘ಮೇಂಟ್ ಇನ್ಫೊ ಬ್ರೇಕ್‌ಪಾಯಿಂಟ್ಸ್’ ಕೊಟ್ಟರೆ ಋಣ ಸಂಖ್ಯೆಯ ಆ ಗುಪ್ತ ಬ್ರೇಕ್‌ಪಾಯಿಂಟ್‌ಗಳು ಕಾಣುತ್ತವೆ. ವಿಂಡೋಸ್‌ನಲ್ಲಿ ಡಿಎಲ್‌ಎಲ್ (ಅಲ್ಲಿಯ ಲೈಬ್ರರಿ) ಲೋಡ್ ಆದದ್ದು ವೇಟ್-ಫಾರ್-ಡೀಬಗ್-ಈವೆಂಟ್ ಎಂಬ ಕರೆಯ ಮೂಲಕ ನೇರವಾಗಿ ಬರುತ್ತದೆ. ಈ ಒಂದು ವಿಷಯದಲ್ಲಿ ಅಲ್ಲಿಯ ವಿನ್ಯಾಸ ಹೆಚ್ಚು ನೇರ.

ಓಡುತ್ತಿರುವ ಪ್ರೋಸೆಸ್‌ಗೆ ಅಟ್ಯಾಚ್ ಆಗುವಾಗ (ಅದನ್ನು ಹಿಡಿದುಕೊಳ್ಳುವಾಗ) ನಮ್ಮ ಎರಡನೆಯ ದೂರು. ಜಿಡಿಬಿ ಇನ್ನೂ ಹಳೆಯ ಅಟ್ಯಾಚ್ ಕರೆಯನ್ನೇ ಬಳಸುತ್ತದೆ. ಅದು ಸಿಗ್‌ಸ್ಟಾಪ್ (‘ನಿಲ್ಲು’ ಎಂಬ ಸಿಗ್ನಲ್) ಕಳಿಸಿ ನಿಲ್ಲಿಸುತ್ತದೆ, ಆಮೇಲೆ ಆ ಸಿಗ್ನಲನ್ನು ನುಂಗುತ್ತದೆ. ಇದರ ಅಡ್ಡ ಪರಿಣಾಮವಾಗಿ ಈಪೋಲ್-ವೇಟ್ ಎಂಬ ಸಿಸ್ಟಂ ಕಾಲ್‌ನಲ್ಲಿ ಕಾಯುತ್ತಿದ್ದ ಪ್ರೋಗ್ರಾಂಗೆ ಇಐಎನ್‌ಟಿಆರ್ (EINTR, ಕರೆ ನಡುವೆ ತುಂಡಾಯಿತು) ಎಂಬ ದೋಷ ಮರಳಬಹುದು. ಅದನ್ನು ಮಾರಕ ದೋಷವೆಂದು ಬಗೆದು ನಿರ್ಗಮಿಸುವ ಸರ್ವರ್ ಅಟ್ಯಾಚ್ ಮಾಡಿದ ಮಾತ್ರಕ್ಕೆ ಬಿದ್ದುಹೋಗುತ್ತದೆ. ಲಿನಕ್ಸ್ 3.4ರಿಂದ ಇರುವ ಸೀಜ್ ಕರೆ ಸಿಗ್‌ಸ್ಟಾಪ್ ಕಳಿಸುವುದಿಲ್ಲ, ಜೊತೆಗೆ ಕಂಟ್ರೋಲ್-ಝೆಡ್ ಒತ್ತಿದಾಗಿನ ಗುಂಪು ನಿಲುಗಡೆಯನ್ನು (ಎಲ್ಲ ಥ್ರೆಡ್ ಒಟ್ಟಿಗೆ ನಿಲ್ಲುವುದು) ಈವೆಂಟ್ 128 ಎಂದು ಪ್ರತ್ಯೇಕವಾಗಿ ಹೇಳುತ್ತದೆ. ಎಸ್‌ಟ್ರೇಸ್ ಅದನ್ನೇ ಬಳಸುತ್ತದೆ. ಚಾಲ್ತಿಯಲ್ಲಿರುವ ಸರ್ವರ್ ಮೇಲೆ ಬರೀ ‘ಏನು ನಡೆಯುತ್ತಿದೆ’ ಎಂದು ಇಣುಕಬೇಕಿದ್ದರೆ ಜಿಡಿಬಿ ಬೇಡ, ಎಸ್‌ಟ್ರೇಸ್ ಹಾಕಿ.

ಎಲ್‌ಎಲ್‌ಡಿಬಿಯ ಒಂದು ಗುಣ ಜಿಡಿಬಿ ಕಲಿಯಬೇಕು. ನಿಂತಾಗಲೆಲ್ಲ ಪ್ರತಿ ಥ್ರೆಡ್ ಎದುರು ‘ಸ್ಟಾಪ್ ರೀಸನ್’ ಎಂದು ಬರೆದು ಕಾರಣ ಹೇಳುತ್ತದೆ: ಬ್ರೇಕ್‌ಪಾಯಿಂಟ್ 1.1, ಸಿಗ್ನಲ್, ಎಕ್ಸೆಕ್, ಹೀಗೆ. ಆದರೆ ‘ಕ್ಯಾಚ್ ಸಿಸ್ಕಾಲ್’ಗೆ ಸಮನಾದ ನೇರ ಕಮಾಂಡ್ ಅಲ್ಲಿಲ್ಲ. ಆರ್‌ಆರ್‌ನ ಜಾತಿಯೇ ಬೇರೆ. ರೆಕಾರ್ಡ್ ಮಾಡುವಾಗ ಪ್ರತಿ ಈವೆಂಟ್‌ಗೂ ಸಂಖ್ಯೆ ಕೊಟ್ಟು ಬರೆದಿಡುತ್ತದೆ. ರೀಪ್ಲೇ ಮಾಡುವಾಗ ‘ವೆನ್’ ಎಂದು ಕೇಳಿದರೆ ಯಾವ ಈವೆಂಟ್‌ನಲ್ಲಿ ಇದ್ದೀರಿ ಎಂದು ಹೇಳುತ್ತದೆ, ‘-ಜಿ’ ಜೊತೆ ಸಂಖ್ಯೆ ಕೊಟ್ಟರೆ ನೇರ ಅಲ್ಲಿಗೇ ಹೋಗುತ್ತದೆ. ಒಮ್ಮೆಗೆ ಒಂದೇ ಥ್ರೆಡ್ ಓಡಿಸುವುದರಿಂದ ಹಲವು ಕೋರ್ ಬಳಸುವ ಪ್ರೋಗ್ರಾಂ ತುಂಬ ನಿಧಾನವಾಗುತ್ತದೆ.

ಜಿಡಿಬಿ ಏನು ಕಂಡಿತು, ಏನೆಂದು ಅರ್ಥಮಾಡಿಕೊಂಡಿತು ಎಂದು ನೋಡಬೇಕಿದ್ದರೆ ‘ಸೆಟ್ ಡೀಬಗ್ ಇನ್‌ಫ್ರನ್ 1’ ಮತ್ತು ‘ಸೆಟ್ ಡೀಬಗ್ ಲಿನಕ್ಸ್-ನ್ಯಾಟ್ 1’ ಕೊಡಿ. ಹಳೆಯ ಆವೃತ್ತಿಗಳಲ್ಲಿ ಎರಡನೆಯದರ ಹೆಸರು ‘ಲಿನ್-ಎಲ್‌ಡಬ್ಲ್ಯುಪಿ’. ಗುಡ್ಡೆಗಟ್ಟಲೆ ಸಾಲು ಬರುತ್ತದೆ, ಆದ್ದರಿಂದ ಮೊದಲೇ ‘ಸೆಟ್ ಲಾಗಿಂಗ್’ನಿಂದ ಫೈಲ್‌ಗೆ ತಿರುಗಿಸಿ. ಅಟ್ಯಾಚ್‌ಗೆ ‘ಅನುಮತಿ ಇಲ್ಲ’ ಎಂದರೆ ಪ್ರೊಕ್ (/proc) ಅಡಿಯಲ್ಲಿ ಆ ಪಿಐಡಿಯ ಸ್ಟೇಟಸ್ ಫೈಲ್‌ನಲ್ಲಿ ಟ್ರೇಸರ್‌ಪಿಐಡಿ ಸಾಲು ಓದಿ. ಅದು 0 ಅಲ್ಲದಿದ್ದರೆ ಬೇರೆ ಟ್ರೇಸರ್ ಆಗಲೇ ಹಿಡಿದಿದೆ. ಒಂದು ಥ್ರೆಡ್‌ಗೆ ಒಬ್ಬನೇ ಟ್ರೇಸರ್. 0 ಇದ್ದರೆ ಯಾಮಾದ (Yama, ಕರ್ನಲ್‌ನ ಒಂದು ಭದ್ರತಾ ಭಾಗ) ಪಿಟ್ರೇಸ್-ಸ್ಕೋಪ್ ಎಂಬ ಸೆಟ್ಟಿಂಗ್ ನೋಡಿ: 1 ಇದ್ದರೆ ತನ್ನಿಂದ ಹುಟ್ಟಿದ ಪ್ರೋಸೆಸ್ ಮಾತ್ರ ಹಿಡಿಯಬಹುದು, 2 ಇದ್ದರೆ ಆಡಳಿತದ ಹಕ್ಕು ಬೇಕು, 3 ಇದ್ದರೆ ಯಾರಿಗೂ ಅಟ್ಯಾಚ್ ಇಲ್ಲ, ಮಷಿನ್ ರೀಬೂಟ್ ಆಗುವವರೆಗೂ ಅದನ್ನು ಇಳಿಸಲೂ ಆಗದು.